‘ಹಾರ್ಮೋನ್ ರಿಪ್ಲೇಸ್‌ಮೆಂಟ್’ಗೆ ಕನ್ನಡದಲ್ಲಿ ಏನನ್ನೋಣ?

ಒಂದು ಕರಪತ್ರ ನಾಳೆ ಅಚ್ಚಿಗೆ ಹೋಗಬೇಕು. 45 ವರ್ಷದೊಳಗೆ ಎರಡೂ ಅಂಡಾಶಯ ತೆಗೆಸಿಕೊಂಡ ಹೆಂಗಸರಿಗಾಗಿ ಬರೆದದ್ದು. ‘ಹಾರ್ಮೋನ್ ಬದಲಿ ಚಿಕಿತ್ಸೆ’ ಅಂತ ಹಾಕಿದ್ದೆ. ಓದಿದವರೊಬ್ಬರು, ‘ಯಾವುದರ ಬದಲು ಯಾವುದನ್ನು ಕೊಡ್ತಾರೆ?’ ಎಂದು ಕೇಳಿದರು. ಬೇರೆ ಪದ ಇದೆಯಾ? ‘ಸರ್ಜಿಕಲ್ ಮೆನೋಪಾಸ್’ಗೂ ಒಂದು ಬೇಕು.

*

ಮೊದಲು ‘ಹಾರ್ಮೋನ್’ ಎಂಬ ಪದ ಬಿಡಿ. 1905ರಲ್ಲಿ ಇಂಗ್ಲೆಂಡಿನ ಶರೀರಶಾಸ್ತ್ರಜ್ಞ ಸ್ಟಾರ್ಲಿಂಗ್ ಬಳಕೆಗೆ ತಂದ ಪದ ಅದು. ಗ್ರೀಕ್ ಮೂಲಕ್ಕೆ ಕೆರಳಿಸು, ಹೊರಡಿಸು ಎಂಬ ಅರ್ಥ. ‘ಚೋದಕ’ ಸರಿಯಾಗಿ ಕೂರುತ್ತದೆ. ‘ಚೋದಕ ಮರುಪೂರಣ’. ಇನ್ನೊಂದಕ್ಕೆ ‘ಶಸ್ತ್ರಜನ್ಯ ಋತುಬಂಧ’. ಮುಗಿಯಿತು.

*

ಮುಗಿಯಲಿಲ್ಲ. ಗ್ರೀಕ್ ಎರವಲು ಬೇಡ ಅಂತ ಸಂಸ್ಕೃತದ ಎರವಲು ತಂದಿದ್ದೀರಿ, ಅಷ್ಟೇ. ಮೆಡಿಕಲ್ ಶಾಪಿನಲ್ಲಿ ‘ಚೋದಕ ಕೊಡಿ’ ಅಂದರೆ ಏನು ಕೊಡ್ತಾರೆ? ಹಾರ್ಮೋನ್ ಮಾತ್ರೆ ಅಂತ ಎಲ್ಲರಿಗೂ ಗೊತ್ತು. ಅದು ಕನ್ನಡವೇ.

‘ಶಸ್ತ್ರಜನ್ಯ’ ಓದಿದರೇ ಭಯವಾಗುತ್ತದೆ. ಹಾಗಂತ ‘ಆಪರೇಷನ್‌ನಿಂದ ಮುಟ್ಟು ನಿಲ್ಲುವುದು’ ಅಂತಲೂ ಬರೆಯಬೇಡಿ. ಗರ್ಭಕೋಶ ಮಾತ್ರ ತೆಗೆದರೂ ಮುಟ್ಟು ನಿಲ್ಲುತ್ತದೆ, ಆದರೆ ಅಂಡಾಶಯ ಉಳಿದಿದ್ದರೆ ಅದರಿಂದ ಈಸ್ಟ್ರೋಜನ್ ಎಂಬ ಹಾರ್ಮೋನ್ ಬರುತ್ತಲೇ ಇರುತ್ತದೆ. ಎರಡೂ ಅಂಡಾಶಯ ಹೋದರೆ ಅದು ಕೆಲವೇ ದಿನಗಳಲ್ಲಿ ಕುಸಿಯುತ್ತದೆ. ಮೈ ಬಿಸಿಯೇರುವುದು, ರಾತ್ರಿ ಬೆವರುವುದು, ನಿದ್ದೆಗೆಡುವುದು ಎಲ್ಲ ಒಟ್ಟಿಗೆ ಶುರು. ‘ಗರ್ಭಕೋಶದ ಆಪರೇಷನ್ ಆಗಿದೆ’ ಅನ್ನುವ ಎಷ್ಟೋ ಹೆಂಗಸರಿಗೆ ಅಂಡಾಶಯ ಉಳಿದಿದೆಯೋ ಇಲ್ಲವೋ ಗೊತ್ತೇ ಇರಲ್ಲ. ಡಿಸ್ಚಾರ್ಜ್ ಚೀಟಿ ನೋಡಿ ಅಂತ ಕರಪತ್ರದಲ್ಲಿ ದಪ್ಪ ಅಕ್ಷರದಲ್ಲಿ ಹಾಕಿ.

ಪದ ಬೇಕಾ? ‘ಹಾರ್ಮೋನ್ ತುಂಬಿಕೊಡುವ ಚಿಕಿತ್ಸೆ’. 35ರ ಮೈಯಲ್ಲಿ ಇರಬೇಕಾದದ್ದು ಇಲ್ಲ, ಅದನ್ನು ತುಂಬುತ್ತಾರೆ. ಸಾಮಾನ್ಯವಾಗಿ, ತಾನಾಗಿ ಮುಟ್ಟು ನಿಲ್ಲುವ ವಯಸ್ಸಿನವರೆಗಾದರೂ ಕೊಡ್ತಾರೆ. ಮೂಳೆಗೂ ಹೃದಯಕ್ಕೂ ಅದು ಬೇಕು. ಈ ಚಿಕಿತ್ಸೆಯಿಂದ ಸ್ತನ ಕ್ಯಾನ್ಸರ್, ಹೃದಯದ ತೊಂದರೆ ಹೆಚ್ಚುತ್ತದೆ ಎಂದ 2002ರ ಅಮೆರಿಕದ ಅಧ್ಯಯನದ ಸುದ್ದಿ ಕೇಳಿ ಹೆದರಿದವರು ಇನ್ನೂ ಇದ್ದಾರೆ. ಅದರಲ್ಲಿದ್ದವರು 50ರಿಂದ 79 ವರ್ಷದವರು. ಆ ಲೆಕ್ಕವನ್ನು ಇವರ ಮೇಲೆ ಹೇರಬಾರದು.

*

‘ತುಂಬಿಕೊಡುವ’ ಪಾರಿಭಾಷಿಕ ಪದವಲ್ಲ, ವಿವರಣೆ. ಹೀಗೇ ಹೋದರೆ ಕನ್ನಡದಲ್ಲಿ ಶಾಸ್ತ್ರ ಬೆಳೆಯಲ್ಲ.

*

ಶಾಸ್ತ್ರ ಆಮೇಲೆ ಬೆಳೆಯಲಿ, ಓದುವವಳಿಗೆ ಇವತ್ತೇ ಅರ್ಥ ಆಗಬೇಕು. ‘ಹಾರ್ಮೋನ್ ತುಂಬಿಕೊಡುವ ಚಿಕಿತ್ಸೆ’ ಅಂತಲೇ ಹಾಕುತ್ತೇನೆ, ಮೊದಲ ಸಲ ಮಾತ್ರ ‘ಎಚ್‌ಆರ್‌ಟಿ’ ಜೊತೆಗೆ. ಡಾಕ್ಟರ್ ಬಾಯಲ್ಲಿ ಕೇಳುವುದು ಅದನ್ನೇ ಅಲ್ವಾ? ಇನ್ನೊಂದಕ್ಕೆ ‘ಅಂಡಾಶಯ ತೆಗೆದದ್ದರಿಂದ ಬಂದ ಮೆನೋಪಾಸ್’. ಗರ್ಭಕೋಶ ಇದ್ದವರಿಗೆ ಪ್ರೊಜೆಸ್ಟರಾನ್ ಎಂಬ ಇನ್ನೊಂದು ಹಾರ್ಮೋನ್ ಕೂಡ ಬೇಕು, ಸ್ತನ ಕ್ಯಾನ್ಸರ್ ಆಗಿದ್ದವರು ಮೊದಲೇ ಡಾಕ್ಟರಿಗೆ ಹೇಳಬೇಕು ಎಂಬ ಎರಡು ಸಾಲು ಸೇರಿಸಿ ಕಳಿಸುತ್ತಿದ್ದೇನೆ.