ವೈರಲ್ ಲೋಡ್ ಟಿಎನ್‌ಡಿ ಬಂದಿದೆ, ಇನ್ನೂ ಕಾಂಡೋಮ್ ಯಾಕೆ?

ಮೂಡಿಗೆರೆ_ಹುಡುಗ:
ನಮಸ್ಕಾರ, ಹೆಸರು ಬೇಡ. ನಂಗೆ ಎಚ್‌ಐವಿ ಪಾಸಿಟಿವ್, ರಾತ್ರಿ ಊಟ ಆದ್ಮೇಲೆ ಟಿಎಲ್‌ಡಿ ಅಂತ ಮೂರು ಔಷಧಿ ಸೇರಿರೋ ಎಚ್‌ಐವಿ ಮಾತ್ರೆ ಒಂದು, ಅಷ್ಟೆ. ಹೆಂಡ್ತಿಗೆ ಮದ್ವೆಗೆ ಮುಂಚೆನೇ ಎಲ್ಲಾ ಗೊತ್ತು, ಅವ್ಳು ನೆಗೆಟಿವ್. ಹೋದ ವರ್ಷನೂ ಈ ವರ್ಷನೂ ವೈರಲ್ ಲೋಡ್ (ರಕ್ತದಲ್ಲಿ ವೈರಸ್ ಎಷ್ಟಿದೆ ಅನ್ನೋ ಲೆಕ್ಕ) ರಿಪೋರ್ಟಲ್ಲಿ ಟಾರ್ಗೆಟ್ ನಾಟ್ ಡಿಟೆಕ್ಟೆಡ್ (ಟಿಎನ್‌ಡಿ), ಅಂದ್ರೆ ಟೆಸ್ಟಲ್ಲಿ ವೈರಸ್ ಸಿಗ್ಲಿಲ್ಲ ಅಂತ ಬಂತು. ಮೊಬೈಲಲ್ಲಿ ನೋಡಿದ್ರೆ ಹರಡೋದೇ ಇಲ್ಲ ಅಂತಾರೆ, ಕೌನ್ಸಿಲರ್ ಮೇಡಂ ನೋಡಿದ್ರೆ ಹೋದಾಗೆಲ್ಲ ನಿರೋಧ್ ಕೈಗಿಟ್ಟು ಕಳಿಸ್ತಾರೆ. ಯಾರ್ ಮಾತು ನಂಬೋದು? ಮಗು ಬೇರೆ ಬೇಕು, ಅತ್ತೆ ಫೋನ್ ಮಾಡಿದ್ರೆ ಸಾಕು "ಏನಾದ್ರೂ ವಿಶೇಷ ಇದ್ಯಾ" ಅಂತ ಶುರು.

ಹಾಸನದ_ಅಕ್ಕ:
ಇಬ್ರು ಹೇಳೋದೂ ಸರಿನೇ ಕಣಪ್ಪ, ಬೇರೆಬೇರೆ ವಿಷ್ಯ ಹೇಳ್ತಿದಾರೆ. ಯುರೋಪಲ್ಲಿ ಪಾರ್ಟ್‌ನರ್ ಅಂತ ಸ್ಟಡಿ ಮಾಡಿದ್ರು, 2016ಕ್ಕೆ ಒಂದ್ಸಲ 2019ಕ್ಕೆ ಒಂದ್ಸಲ ರಿಸಲ್ಟ್ ಬಂತು, ಒಬ್ರು ಪಾಸಿಟಿವ್ ಒಬ್ರು ನೆಗೆಟಿವ್ ಇರೋ ಜೋಡಿಗಳು, ಕಾಂಡೋಮ್ ಇಲ್ದೆ, ವೈರಲ್ ಲೋಡ್ 200ಕ್ಕಿಂತ ಕೆಳಗೆ, ಸಂಗಾತಿಯಿಂದ ಒಬ್ರಿಗೂ ಹರಡಿಲ್ಲ. ಆದ್ರೆ ನಿಮ್ ಮಾತ್ರೆ ಇರೋದು ಮುಖ್ಯವಾಗಿ ಎಚ್‌ಐವಿಗೆ. ಸಿಫಿಲಿಸ್, ಗೊನೋರಿಯಾ ತರದ ಲೈಂಗಿಕ ರೋಗ ಯಾವುದಕ್ಕೂ ಅದು ಕೆಲ್ಸ ಮಾಡಲ್ಲ. ಸಿಫಿಲಿಸ್ ಹುಣ್ಣು ಸಾಮಾನ್ಯವಾಗಿ ನೋಯಲ್ಲ, ತಾನಾಗೇ ಮಾಯುತ್ತೆ, ಜನ ವಾಸಿ ಆಯ್ತು ಅನ್ಕೊತಾರೆ, ಒಳಗೆ ರಕ್ತದಲ್ಲಿ ಹಂಗೇ ಇರುತ್ತೆ. ವೈರಲ್ ಲೋಡ್ ರಿಪೋರ್ಟಲ್ಲಿ ಇದು ಕಾಣ್ಸಲ್ಲ, ವಿಡಿಆರ್‌ಎಲ್ ಅಂತ ಸಿಫಿಲಿಸ್‌ಗೆ ಬೇರೆ ರಕ್ತದ ಟೆಸ್ಟು, ನೀವೇ ಕೇಳಿ ಮಾಡಿಸ್ಕೋಬೇಕು. ಇದ್ರೂ ಪೆನಿಸಿಲಿನ್ ಇಂಜೆಕ್ಷನ್‌ಗೆ ಹೋಗುತ್ತೆ. ಇಬ್ರೂ ಮಾಡ್ಸಿ ಕ್ಲೀನ್ ಬಂತು, ನಿಮ್ಮಿಬ್ರು ಬಿಟ್ರೆ ಬೇರೆ ಯಾರೂ ಇಲ್ಲ ಅಂದ್ರೆ ಕಾಂಡೋಮ್ ಬಿಡೋದು ನೀವಿಬ್ರೂ ಕೂತು ಮಾತಾಡೋ ವಿಷ್ಯ. ಮಗು ಬಗ್ಗೆ ಎಆರ್‌ಟಿ (ಎಚ್‌ಐವಿ ಚಿಕಿತ್ಸೆ) ಡಾಕ್ಟ್ರಿಗೆ ಮುಂಚೆನೇ ಹೇಳಿ, ಸಂಕೋಚ ಬೇಡ.

ಕಾಫಿಪ್ರಿಯ:
ಟಿಎನ್‌ಡಿ ಬಂದ್ಮೇಲೂ ಮಾತ್ರೆ ಬೇಕಾ ಗುರು? ಸ್ವಲ್ಪ ದಿನ ಬಿಟ್ಟು ನೋಡ್ಬೋದಲ್ವಾ

ಹಾಸನದ_ಅಕ್ಕ:
ಬೇಡ್ವೇ ಬೇಡ. ಬಿಟ್ರೆ ಕೆಲವೇ ವಾರದಲ್ಲಿ ವೈರಸ್ ವಾಪಸ್ ಏಳುತ್ತೆ, ಆಮೇಲೆ ಆ ರಿಪೋರ್ಟು ಬರೀ ಕಾಗದ. ಜೊತೆಗೆ ಹೆಪಟೈಟಿಸ್ ಬಿ ಇರೋರು ಬಿಟ್ರಂತೂ ಲಿವರ್ ಕೆಡ್ಬೋದು, ಟಿಎಲ್‌ಡಿಲಿ ಇರೋ ಟೆನೋಫೋವಿರ್, ಲಾಮಿವುಡಿನ್ ಅದನ್ನೂ ತಡ್ಕೊಂಡಿರುತ್ತೆ.

ಸಖಿ_ಸಕಲೇಶಪುರ:
ನಾನೂ ಪಾಸಿಟಿವ್, ಇಲ್ಲಿ ಓದೋ ಹೆಂಗಸರಿಗೆ ಒಂದ್ ಮಾತು. ಗರ್ಭಕೊರಳಿನ ಕ್ಯಾನ್ಸರ್ ನಮಗೆ ಬೇರೆಯವ್ರಿಗಿಂತ ಸುಮಾರು 6 ಪಟ್ಟು ಜಾಸ್ತಿ ಬರುತ್ತಂತೆ, ಅದಕ್ಕೆ ಕಾರಣ ಎಚ್‌ಪಿವಿ ಅನ್ನೋ ವೈರಸ್, ಅದೂ ಸಂಪರ್ಕದಿಂದನೇ ಬರೋದು. 25 ದಾಟಿದ್ರೆ ಸ್ಕ್ರೀನಿಂಗ್ ಮಾಡಿಸ್ಕೊಳ್ಳಿ. ನಂಗಂತೂ ಇದನ್ನ ಯಾರೂ ತಾವಾಗೇ ಹೇಳ್ಲಿಲ್ಲ, ಸಿಡಿ4 (ರೋಗನಿರೋಧಕ ಕಣಗಳ ಲೆಕ್ಕ) ಎಷ್ಟು, ಮಾತ್ರೆ ತಗೊಂಡ್ಯಾ, ಮುಂದಿನ ಡೇಟು, ಅಷ್ಟೇ ಮಾತು.

ಮೂಡಿಗೆರೆ_ಹುಡುಗ:
ತುಂಬಾ ಥ್ಯಾಂಕ್ಸ್ ಅಕ್ಕ. ವಿಡಿಆರ್‌ಎಲ್ ಎಲ್ಲಿ ಮಾಡ್ಸೋದು? ನಮ್ಮೂರ ಆಸ್ಪತ್ರೆಲಿ ಎಲ್ರೂ ಪರಿಚಯದೋರೇ.

ಹಾಸನದ_ಅಕ್ಕ:
ಚಿಕ್ಕಮಗಳೂರು ಜಿಲ್ಲಾಸ್ಪತ್ರೆಲಿ ಸುರಕ್ಷಾ ಕ್ಲಿನಿಕ್ (ಲೈಂಗಿಕ ರೋಗ ನೋಡೋ ಕ್ಲಿನಿಕ್) ಎಲ್ಲಿ ಅಂತ ಕೇಳಿ, ದುಡ್ಡಿಲ್ಲ. ಕೇಳೋಕೆ ಮುಜುಗರ ಆದ್ರೆ ಏಡ್ಸ್ ಸಹಾಯವಾಣಿ 1097ಗೆ ಫೋನ್ ಮಾಡಿ, ಫ್ರೀ. ನಿಮ್ಮ ವಿಷ್ಯ ನಿಮ್ಮ ಒಪ್ಪಿಗೆ ಇಲ್ದೆ ಅಲ್ಲಿಯವ್ರು ಊರಿಗೆ ಹೇಳ್ಕೊಂಡು ತಿರುಗೋ ಹಂಗಿಲ್ಲ, 2017ರ ಎಚ್‌ಐವಿ ಕಾಯ್ದೆನೇ ಇದೆ. ಹೆಂಡ್ತಿನೂ ಕರ್ಕೊಂಡ್ಹೋಗಿ, ಅವ್ರಿಗೆ ಹೆಪಟೈಟಿಸ್ ಬಿ ಲಸಿಕೆ ಆಗಿದ್ಯಾ ಅಂತನೂ ಅಲ್ಲೇ ವಿಚಾರಿಸಿ.