ಒಂದೇ ಕಪ್ಪು ಪಟ್ಟಿಯ ಬೂದು ಗರಿ: ಶಿಕ್ರಾದ್ದೋ, ಪಾರಿವಾಳದ್ದೋ?

ಮೂರನೇ_ಮಹಡಿ (ಬೆಂಗಳೂರು)
ಎಸಿಯ ಔಟ್‌ಡೋರ್ ಯೂನಿಟ್ ಹಿಂದೆ ಸಿಕ್ಕ ಗರಿ. ಉದ್ದ 13 ಸೆಂ.ಮೀ., ಬೂದು ಬಣ್ಣ, ತುದಿ ಹತ್ತಿರ 2 ಸೆಂ.ಮೀ. ಅಗಲದ ಒಂದು ಕಪ್ಪು ಪಟ್ಟಿ. ದಂಟಿನ ಒಂದು ಮಗ್ಗುಲು ತೀರಾ ಕಿರಿದು, ಅದರ ಬುಡದ ಕಡೆ ಬಿಳಿ. ಪಕ್ಕದಲ್ಲೇ ಹತ್ತಿಪ್ಪತ್ತು ಸಣ್ಣ ಪುಕ್ಕಗಳೂ ಇವೆ. ಪಟ್ಟಿ ಇರೋದ್ರಿಂದ ಶಿಕ್ರಾ (ಸಣ್ಣ ಗಿಡುಗ) ಅನ್ಕೊಂಡೆ. ಸರೀನಾ?

ಗರಿಲೆಕ್ಕ
ಅಲ್ಲ, ಮಾಮೂಲಿ ಪಾರಿವಾಳದ ಬಾಲದ ಗರಿ. ಬಾಲದಲ್ಲಿ ಸಾಮಾನ್ಯವಾಗಿ 12 ಇರುತ್ತವೆ, ಇದು ಅಂಚಿನದು. ಹೊರ ಮಗ್ಗುಲಲ್ಲಿ ಬಿಳಿ ಬರುವುದು ಅಂಚಿನ ಗರಿಗೇ. ಶಿಕ್ರಾದ ಬಾಲದಲ್ಲಿ ಪಟ್ಟಿಗಳು ಒಂದರ ಹಿಂದೊಂದು ಬರುತ್ತವೆ. ಬೆಳೆದ ಶಿಕ್ರಾದ ನಡುವಿನ ಜೋಡಿಯಲ್ಲಿ ಮಾತ್ರ ಅವು ಇಲ್ಲದಿರಬಹುದು, ಹೆಚ್ಚು ಜನ ಮೋಸಹೋಗುವುದು ಅಲ್ಲೇ. ಆದರೆ ನಡುವಿನ ಗರಿಗೆ ದಂಟು ಸರಿಯಾಗಿ ಮಧ್ಯದಲ್ಲಿರುತ್ತೆ, ನಿಮ್ಮದರಲ್ಲಿ ಒಂದು ಪಕ್ಕಕ್ಕೆ ಸರಿದಿದೆ.

ಎಡವೋ ಬಲವೋ ಬೇಕಿದ್ದರೆ: ದಂಟಿನ ಅಡಿಭಾಗದಲ್ಲಿ ಸಣ್ಣ ಕಾಲುವೆ ಇರುತ್ತೆ, ಅದನ್ನು ಕೆಳಗೆ ಮಾಡಿ, ತುದಿ ನಿಮ್ಮ ಕಡೆ ಇರುವಂತೆ ಹಿಡಿಯಿರಿ. ಕಿರಿದಾದ ಮಗ್ಗುಲು ಎಡಕ್ಕೆ ಬಂದರೆ ಎಡಗಡೆಯದು.

ಬೆಳವಕ್ಕಿ
ಒಪ್ಪಿದೆ. ಬೆಳವದ ಜೊತೆ ಗೊಂದಲವಾಗದಿರಲಿ ಅಂತ ಒಂದು ಮಾತು. ಚುಕ್ಕೆ ಬೆಳವದ ಬಾಲದ ಅಂಚಿನ ಗರಿ ಇದಕ್ಕೆ ತಲೆಕೆಳಗು: ಬುಡದ ಕಡೆ ಕಪ್ಪು, ತುದಿ ಬಿಳಿ. ಉದ್ದ ಅಳೆದು ತೀರ್ಮಾನಿಸಬೇಡಿ, ಬೆಳವದ ಮೈ ಚಿಕ್ಕದಾದರೂ ಬಾಲ ಉದ್ದ.

ಕಪ್ಪು ಬಟ್ಟೆಯ ಮೇಲೆ ಗರಿ ಒತ್ತಿ ನೋಡಿ. ಮಾಸಲು ಬಿಳಿ ಪುಡಿ ಅಂಟಿದರೆ ಪಾರಿವಾಳದ ಜಾತಿ ಅನ್ನೋಕೆ ಇನ್ನೊಂದು ಸುಳಿವು. ಒದ್ದೆ ಗರಿಯಲ್ಲಿ ಇದು ಕೆಲಸ ಮಾಡಲ್ಲ.

ಎಲ್ಲ ಪಾರಿವಾಳಕ್ಕೂ ಈ ಪಟ್ಟಿ ಇರುತ್ತೆ ಅಂದುಕೊಳ್ಳಬೇಡಿ. ಸಾಕಿದ ತಳಿ ಬೆರೆತ ಕೆಂಚು ಹಕ್ಕಿಗಳ ಬಾಲದಲ್ಲಿ ಅದು ಇರೋದೇ ಇಲ್ಲ. ರೆಕ್ಕೆಯ ಉದ್ದ ಗರಿಗಳಲ್ಲೂ ಸ್ಪಷ್ಟ ಪಟ್ಟಿ ಸಿಗಲ್ಲ, ತುದಿಗೆ ಹೋದಂತೆ ಬಣ್ಣ ಕಂದುಗಪ್ಪಾಗುತ್ತೆ ಅಷ್ಟೇ. ಕೂತ ಹಕ್ಕಿಯ ರೆಕ್ಕೆಯಲ್ಲಿ ಕಾಣುವ ಎರಡು ಕಪ್ಪು ಗೆರೆ ಮೈಗೆ ಹತ್ತಿರದ ಗಿಡ್ಡ ಗರಿಗಳದ್ದು.

ಮೂರನೇ_ಮಹಡಿ
ಪುಡಿ ಅಂಟಿತು! ಆದರೆ ಅಷ್ಟು ಪುಕ್ಕ ಒಟ್ಟಿಗೆ ಯಾಕೆ ಬಿದ್ದಿವೆ?

ಗರಿಲೆಕ್ಕ
ಪಾರಿವಾಳದ ಮೈಪುಕ್ಕ ಚರ್ಮಕ್ಕೆ ಸಡಿಲವಾಗಿ ಅಂಟಿರುತ್ತೆ, ಬೆಕ್ಕಿನ ಪಂಜ ತಾಗಿದರೂ ಒಂದು ಹಿಡಿ ಉದುರುತ್ತೆ. ಹಾಗಾಗಿ ಪುಕ್ಕದ ರಾಶಿ ಕಂಡ ಮಾತ್ರಕ್ಕೆ ಹಕ್ಕಿ ಸತ್ತಿದೆ ಅಂತಲ್ಲ. ದೊಡ್ಡ ಗರಿಗಳ ಬುಡ ನೋಡಿ. ಕಚ್ಚಿ ತುಂಡಾಗಿದ್ದು, ಎಂಜಲಿಗೆ ಅಂಟಿಕೊಂಡಿದ್ದರೆ ಬೆಕ್ಕು. ಬುಡ ಪೂರ್ತಿ ಇದ್ದು, ದಂಟಿನಲ್ಲಿ ಕೊಕ್ಕಿನ ಮಡಿಕೆ ಇದ್ದರೆ ಗಿಡುಗ ಕಿತ್ತಿದ್ದು, ಅಂದರೆ ನಿಮ್ಮ ಶಿಕ್ರಾ ಇನ್ನೊಂದು ದಾರಿಯಲ್ಲಿ ಬಂದಿರಲೂಬಹುದು. ಬುಡ ಒಣಗಿ ಚೊಕ್ಕವಾಗಿದ್ದು ಒಂದೊಂದೇ ಬಿದ್ದಿದ್ದರೆ ಪುಕ್ಕ ಬದಲಾಗುವ ಕಾಲದ್ದು.

ಬೆಳವಕ್ಕಿ
ಯೂನಿಟ್ ಹಿಂದೆ ಒಣ ಹಿಕ್ಕೆ ಇದ್ದರೆ ಒಣದಾಗಿ ಗುಡಿಸಬೇಡಿ, ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಮಾಸ್ಕ್ ಹಾಕಿ, ಯೂನಿಟ್ಟಿನ ಪವರ್ ಆಫ್ ಮಾಡಿ, ಹಿಕ್ಕೆಗೆ ನೀರು ಚಿಮುಕಿಸಿ ನೆನೆದ ಮೇಲೆ ಕೆರೆದು ತೆಗೆಯಿರಿ. ಮೊಟ್ಟೆ ಇದೆಯಾ ಅಂತ ಮೊದಲೇ ನೋಡಿಕೊಳ್ಳಿ, ಸಾಮಾನ್ಯವಾಗಿ ಎರಡಿರುತ್ತವೆ.