ಬಗೆಬಗೆಯ ಜನ ಸೇರುವ ಬೌದ್ಧ ಧ್ಯಾನ ತರಗತಿ: ನಡೆಸಿದವರ, ಬಂದವರ ಅನುಭವಗಳು

ಪ್ರಶ್ನೆ

ನಾವು ಐದಾರು ಮಂದಿ ಸೇರಿ ನಗರದ ಸಮುದಾಯ ಭವನವೊಂದರಲ್ಲಿ ವಾರಕ್ಕೊಮ್ಮೆ ಬೌದ್ಧ ಧ್ಯಾನದ ತರಗತಿ ಆರಂಭಿಸಬೇಕೆಂದಿದ್ದೇವೆ. ಬರುವ ಮನಸ್ಸು ಮಾಡಿರುವವರ ಭಾಷೆ, ಧರ್ಮ, ವಯಸ್ಸು ಎಲ್ಲವೂ ಬೇರೆ ಬೇರೆ; ಯಾವ ಧರ್ಮವನ್ನೂ ನಂಬದವರೂ ಇದ್ದಾರೆ. ಬುದ್ಧನ ಪ್ರತಿಮೆ ಇಡಬೇಕೇ, ಹಳೆಯ ಬೌದ್ಧ ಗ್ರಂಥಗಳ ಭಾಷೆಯಾದ ಪಾಲಿಯಲ್ಲಿ ಪಠಣ ಬೇಕೇ, ಮೊದಲ ದಿನ ಎಷ್ಟು ಹೊತ್ತು ಕೂರಿಸಬೇಕು, ಶುಲ್ಕ ಪಡೆಯಬಹುದೇ ಎಂಬುದರಲ್ಲಿ ನಮ್ಮೊಳಗೇ ಒಮ್ಮತವಿಲ್ಲ. ಅನುಭವವಿದ್ದವರು ದಯವಿಟ್ಟು ತಿಳಿಸಬೇಕಾಗಿ ಕೋರುತ್ತೇನೆ.

ಉತ್ತರ 1: ಒಂಬತ್ತು ವರ್ಷಗಳಿಂದ ತರಗತಿ ನಡೆಸುತ್ತಿರುವವರು

ಪ್ರತಿಮೆಯ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ನಾವು ಎಡವಿದ್ದು ಅಲ್ಲಿಯೇ. ಯಾರಿಗೂ ಮುಜುಗರವಾಗಬಾರದೆಂದು ಮೊದಲ ವರ್ಷ ನಾವು ಪ್ರತಿಮೆ ಇಡಲಿಲ್ಲ, ಬುದ್ಧನ ಹೆಸರನ್ನೂ ಎತ್ತಲಿಲ್ಲ. ಮನಶ್ಶಾಂತಿಯ ತರಗತಿ ಎಂದಷ್ಟೇ ಹೇಳಿಕೊಂಡೆವು. ನಾವು ಕಲಿಸುತ್ತಿರುವುದು ಆನಾಪಾನಸತಿ ಸುತ್ತ ಎಂಬ ಬುದ್ಧನ ಉಪದೇಶದಲ್ಲಿ ಬರುವ ಉಸಿರಿನ ಅಭ್ಯಾಸವೆಂದು ನಾಲ್ಕು ತಿಂಗಳ ನಂತರ ಮಾತಿನ ನಡುವೆ ತಿಳಿದಾಗ, ಒಂದು ವಾರವೂ ತಪ್ಪಿಸದೆ ಬರುತ್ತಿದ್ದ ಮಹಿಳೆಯೊಬ್ಬರು, "ಮೊದಲೇ ಹೇಳಿದ್ದರೂ ನಾನು ಬರುತ್ತಿದ್ದೆ. ಮುಚ್ಚಿಟ್ಟಿರಲ್ಲ, ಅದಕ್ಕೇ ಇನ್ನು ಬರುವ ಮನಸ್ಸಾಗುತ್ತಿಲ್ಲ" ಎಂದರು. ಆ ಮಾತು ನನಗೆ ಇಂದಿಗೂ ನೋವು ಕೊಡುತ್ತದೆ, ಏಕೆಂದರೆ ಅದು ನ್ಯಾಯವಾದ ಮಾತಾಗಿತ್ತು.

ಅಂದಿನಿಂದ ಪ್ರತಿ ತರಗತಿಯ ಮೊದಲ ಎರಡು ನಿಮಿಷಗಳಲ್ಲಿ, ಈ ಅಭ್ಯಾಸ ಎಲ್ಲಿಂದ ಬಂದದ್ದು, ಇಂದು ಏನೇನು ಮಾಡಲಿದ್ದೇವೆ, ಅದರಲ್ಲಿ ಯಾವುದನ್ನು ಬಿಟ್ಟು ಸುಮ್ಮನೆ ಕುಳಿತಿರಬಹುದು ಎಂಬುದನ್ನು ಬಾಯಿಬಿಟ್ಟು ಹೇಳುತ್ತೇವೆ. ಪ್ರತಿಮೆ ಇದೆ, ಆದರೆ ಅದು ಬಾಗಿಲಿಗೆ ಎದುರಾಗಿಲ್ಲ, ಪಕ್ಕದ ಗೋಡೆಯ ಬಳಿ ಇದೆ. ಹೀಗಾಗಿ ನಮಸ್ಕರಿಸದೆ ಒಳಗೆ ಬಂದವರು ಏನನ್ನೋ ದಾಟಿ ಬಂದಂತೆ ಅಳುಕಬೇಕಾಗಿಲ್ಲ. ಬುದ್ಧ, ಧಮ್ಮ, ಸಂಘಗಳಿಗೆ ಶರಣು ಹೋಗುವ ತ್ರಿಶರಣವನ್ನು ಮಾತ್ರ ತರಗತಿ ಮುಗಿದ ಮೇಲೆ, ಬಯಸಿದವರು ಉಳಿದುಕೊಂಡು ಹೇಳುತ್ತಾರೆ. ಅದು ಶರಣು ಹೋಗುವವರ ಮಾತು; ಅರ್ಥ ತಿಳಿಯದವರ ಬಾಯಲ್ಲಿ ಅದನ್ನು ಹೇಳಿಸುವುದು ಅವರಿಗೂ ಸರಿಯಲ್ಲ, ಆ ಮಾತಿಗೂ ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ.

ಭಾಷೆಯ ವಿಷಯದಲ್ಲಿ ನನಗೆ ಧೈರ್ಯ ಕೊಟ್ಟದ್ದು ಭಿಕ್ಷುಗಳ ನಿಯಮಗಳ ಗ್ರಂಥವಾದ ವಿನಯಪಿಟಕದ ಚುಲ್ಲವಗ್ಗವೆಂಬ ಭಾಗದ ಒಂದು ಪ್ರಸಂಗ. ಬುದ್ಧವಚನವನ್ನು ಛಂದಸ್ಸಿಗೆ ಏರಿಸಲು ಇಬ್ಬರು ಭಿಕ್ಷುಗಳು ಅನುಮತಿ ಕೇಳಿದಾಗ ಬುದ್ಧನು ಅದನ್ನು ನಿರಾಕರಿಸಿ, 'ಸಕಾಯ ನಿರುತ್ತಿಯಾ', ಅಂದರೆ ತಮ್ಮದೇ ನುಡಿಯಲ್ಲಿ ಕಲಿಯಲು ಹೇಳುತ್ತಾನೆ. ಆ ನುಡಿ ಯಾರದು ಎಂಬ ಬಗ್ಗೆ ಅಟ್ಟಕಥೆ ಎಂಬ ಹಳೆಯ ಪಾಲಿ ಟೀಕೆಯ ವ್ಯಾಖ್ಯಾನ ಬೇರೆಯೇ ಇದೆ, ಆದರೂ ನಮ್ಮ ಕೆಲಸಕ್ಕೆ ಸರಳವಾದ ಅರ್ಥವೇ ಸಾಕಾಯಿತು. ಆರಂಭದಲ್ಲಿ ನಾವು ಪ್ರತಿ ಸೂಚನೆಯನ್ನೂ ಮೂರು ಭಾಷೆಗಳಲ್ಲಿ ಹೇಳುತ್ತಿದ್ದುದರಿಂದ ಮೌನಕ್ಕೆ ಎಡೆಯೇ ಇರುತ್ತಿರಲಿಲ್ಲ. ಈಗ ಎಲ್ಲ ವಿವರಣೆಯನ್ನೂ ಕೂರುವ ಮೊದಲೇ ಮೂರು ಭಾಷೆಗಳಲ್ಲಿ ಮುಗಿಸುತ್ತೇವೆ. ಗಂಟೆ ಬಾರಿಸಿದ ಮೇಲೆ ಯಾರೂ ಮಾತನಾಡುವುದಿಲ್ಲ.

ಮೊದಲ ದಿನ ಹತ್ತು ನಿಮಿಷದಂತೆ ಎರಡು ಬಾರಿ ಕೂರಿಸಿ, ನಡುವೆ ನಡಿಗೆಯ ಧ್ಯಾನ ಇಟ್ಟರೆ ಸಾಕು. ಹತ್ತು ದಿನಗಳ ವಿಪಸ್ಸನಾ (ಒಳನೋಟದ ಧ್ಯಾನ) ಶಿಬಿರ ಮುಗಿಸಿ ಬಂದ ಉತ್ಸಾಹಿಗಳು ಹೊಸಬರನ್ನೂ ಒಂದು ಗಂಟೆ ಅಲುಗಾಡದೆ ಕೂರಿಸಬೇಕೆಂದು ಒತ್ತಾಯಿಸುವುದುಂಟು. ವಿಪಸ್ಸನಾ ಗುರು ಎಸ್. ಎನ್. ಗೋಯೆಂಕಾ ಅವರ ಪರಂಪರೆಯ ಆ ಶಿಬಿರಗಳಲ್ಲಿ ಮೊದಲ ಮೂರು ದಿನ ಉಸಿರನ್ನಷ್ಟೇ ಗಮನಿಸಿ ಮನಸ್ಸನ್ನು ಹದಗೊಳಿಸಿಕೊಂಡಿರುತ್ತಾರೆ. ಕೆಲಸ ಮುಗಿಸಿ ನೇರವಾಗಿ ತರಗತಿಗೆ ಬಂದವರಿಗೆ ಆ ಸಿದ್ಧತೆ ಎಲ್ಲಿಂದ ಬರಬೇಕು? ಹಾಗೆಯೇ ವಿಧಾನಗಳನ್ನು ಬೆರೆಸಬೇಡಿ. ಬರ್ಮಾದ ಭಿಕ್ಷು ಮಹಾಸಿ ಸಯಾಡೋ ಅವರ ಕ್ರಮದಲ್ಲಿ ಹೊಟ್ಟೆಯ ಏರಿಳಿತವನ್ನು ಗುರುತಿಸುತ್ತಾರೆ, ಜಪಾನಿನ ಝೆನ್ ಬೌದ್ಧ ಪಂಥದಲ್ಲಿ ಕಣ್ಣನ್ನು ಅರೆತೆರೆದು ಕೂರುತ್ತಾರೆ. ವಾರಕ್ಕೊಂದು ವಿಧಾನ ಬದಲಿಸಿದರೆ ಯಾವುದೂ ಯಾರಿಗೂ ನೆಲೆಗೊಳ್ಳುವುದಿಲ್ಲ.

ಉತ್ತರ 2: ಸ್ವಯಂಸೇವಕರು

ನಮ್ಮಲ್ಲಿಗೆ ಬರುತ್ತಿದ್ದ ಹಿರಿಯರೊಬ್ಬರು ಮುಕ್ತಾಯದ ಗಂಟೆ ಬಾರಿಸಿದ ಮೇಲೂ ಕಣ್ಣು ಮುಚ್ಚಿಯೇ ಇರುತ್ತಿದ್ದರು. ಎಲ್ಲರೂ ಎದ್ದು ಚಾಪೆ ಮಡಿಸುವಾಗಲೂ ಅವರ ಎರಡು ಕೈಗಳು ತೊಡೆಯ ಮೇಲೆ ಅಲುಗದೆ ಇರುತ್ತಿದ್ದುದನ್ನು ಕಂಡು, ಅವರಿಗೆ ಗಾಢವಾದ ಏಕಾಗ್ರತೆ ಸಿದ್ಧಿಸಿದೆಯೆಂದು ನಾವೆಲ್ಲ ಗೌರವದಿಂದ ಹಿಂದೆ ಸರಿಯುತ್ತಿದ್ದೆವು. ಐದನೆಯ ವಾರ ಅವರ ಮಗಳು ಕರೆದೊಯ್ಯಲು ಬಂದು ಭುಜ ಮುಟ್ಟಿದಾಗಲೇ, ಅವರಿಗೆ ಕಿವಿ ಕೇಳಿಸುವುದು ಬಹಳ ಕಡಿಮೆಯೆಂದು ತಿಳಿಯಿತು. ಗಂಟೆಯಿರಲಿ, ಐದು ವಾರಗಳ ಒಂದು ಸೂಚನೆಯೂ ಅವರಿಗೆ ಸರಿಯಾಗಿ ತಲುಪಿರಲಿಲ್ಲ. ಈಗ ಸೂಚನೆಗಳನ್ನು ದಪ್ಪ ಅಕ್ಷರದಲ್ಲಿ ಮುದ್ರಿಸಿ ಕೊಡುತ್ತೇವೆ, ಅವರ ಪಕ್ಕದಲ್ಲಿ ಕುಳಿತವರು ಗಂಟೆಯಾದಾಗ ಅವರ ಮೊಣಕೈಯನ್ನು ಮೆಲ್ಲಗೆ ಮುಟ್ಟುತ್ತಾರೆ. ಮೊದಲ ದಿನವೇ ಪ್ರತಿಯೊಬ್ಬರನ್ನೂ ಪ್ರತ್ಯೇಕವಾಗಿ ವಿಚಾರಿಸಿಕೊಳ್ಳಿ.

ಕುರ್ಚಿಗಳನ್ನು ಹಿಂದಿನ ಸಾಲಿಗೆ ತಳ್ಳದೆ ಚಾಪೆಗಳ ನಡುನಡುವೆಯೇ ಇಡಿ. ಅರಿವಿನ ಅಭ್ಯಾಸದ ಕುರಿತ ಬುದ್ಧನ ಉಪದೇಶವಾದ ಸತಿಪಟ್ಠಾನ ಸುತ್ತವು, ನಡೆಯುವಾಗ, ನಿಂತಿರುವಾಗ, ಕುಳಿತಿರುವಾಗ, ಮಲಗಿರುವಾಗ ಎಂದು ನಾಲ್ಕೂ ಭಂಗಿಗಳಲ್ಲಿ ಅರಿವಿರಲಿ ಎನ್ನುತ್ತದೆ. ಪದ್ಮಾಸನ ಬಾರದವರು ಕೀಳೆಂಬ ಭಾವನೆಗೆ ಅಲ್ಲಿ ಆಧಾರವಿಲ್ಲ.

ಉತ್ತರ 3: ಮೂರು ವರ್ಷಗಳಿಂದ ಬರುತ್ತಿರುವವರು

ನನ್ನ ಪತಿ ತೀರಿಕೊಂಡ ಕೆಲವೇ ತಿಂಗಳಲ್ಲಿ ನಾನು ಮೊದಲ ಬಾರಿ ಒಂದು ಕೂಟಕ್ಕೆ ಹೋಗಿದ್ದೆ. ಅಲ್ಲಿ ಮೆತ್ತಾ ಭಾವನೆಯನ್ನು, ಅಂದರೆ ಎಲ್ಲರಿಗೂ ಒಳಿತನ್ನು ಹಾರೈಸುವ ಮೈತ್ರಿಯ ಧ್ಯಾನವನ್ನು ಕಲಿಸುತ್ತಿದ್ದವರು, ನಿಮಗೆ ಅತಿ ಹೆಚ್ಚು ನೋವು ಕೊಟ್ಟವರನ್ನು ನೆನೆದು ಹಾರೈಸಿ ಎಂದು ಮೊದಲಿಗೇ ಹೇಳಿದರು. ಎದೆ ಬಿಗಿದು ಉಸಿರು ಸಿಕ್ಕಿಕೊಂಡಂತಾಯಿತು; ಎದ್ದು ಹೋದರೆ ಎಲ್ಲರೂ ನೋಡುತ್ತಾರೆಂಬ ಸಂಕೋಚದಲ್ಲಿ ಇಪ್ಪತ್ತು ನಿಮಿಷ ಹಾಗೆಯೇ ಕುಳಿತೆ. ಬುದ್ಧಘೋಷನ ಹಳೆಯ ಧ್ಯಾನಗ್ರಂಥ ವಿಸುದ್ಧಿಮಗ್ಗವು ಮೊದಲು ತನಗೆ, ಆಮೇಲೆ ಗೌರವಪಾತ್ರರಾದವರಿಗೆ ಹಾರೈಸಲು ಹೇಳಿ, ದ್ವೇಷ ಉಳ್ಳವರನ್ನು ಕೊನೆಗೆ ಇಡುತ್ತದೆ ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ.

ಈಗ ನಾನು ಹೋಗುವ ತರಗತಿಯಲ್ಲಿ, ಕಷ್ಟವಾದರೆ ಕಣ್ಣು ತೆರೆಯಿರಿ, ಅಂಗಾಲು ನೆಲಕ್ಕೆ ತಾಗಿರುವುದನ್ನು ಗಮನಿಸಿ, ಬೇಕಿದ್ದರೆ ಎದ್ದು ಹಿಂದೆ ನಡೆದಾಡಿ ಎಂದು ಪ್ರತಿ ಸಲವೂ ಹೇಳುತ್ತಾರೆ. ಹೊರಗೆ ಹೋದವರನ್ನು ಮಾತನಾಡಿಸಲು ಬಾಗಿಲ ಬಳಿ ಒಬ್ಬರು ಇರುತ್ತಾರೆ. ಮನೋರೋಗದ ಔಷಧವನ್ನು ಧ್ಯಾನದ ಭರವಸೆಯ ಮೇಲೆ ನಿಲ್ಲಿಸಬಾರದೆಂದೂ ಸ್ಪಷ್ಟವಾಗಿ ಹೇಳುತ್ತಾರೆ. ನೀವು ಬೇರೇನನ್ನು ಬಿಟ್ಟರೂ ಇದನ್ನು ಬಿಡಬೇಡಿ.

ಉತ್ತರ 4: ಲೆಕ್ಕಪತ್ರ ನೋಡಿಕೊಳ್ಳುವವರು

ಕಲಿಕೆಗೆ ಶುಲ್ಕ ಬೇಡ, ಸ್ಥಳದ ಬಾಡಿಗೆಗೆ ದಾನ ಪಡೆಯಿರಿ. ಗೋಯೆಂಕಾ ಪರಂಪರೆಯ ಶಿಬಿರಗಳು ನಡೆಯುವುದು ಹೀಗೆಯೇ; ಅಲ್ಲಿ ಶಿಬಿರ ಪೂರ್ಣಗೊಳಿಸಿದವರಿಂದ ಮಾತ್ರ ದಾನ ಸ್ವೀಕರಿಸುತ್ತಾರೆ. ಡಬ್ಬಿಯನ್ನು ಯಾರ ಕಣ್ಣಿಗೂ ನೇರವಾಗಿ ಬೀಳದ ಮೂಲೆಯಲ್ಲಿ ಇಡಿ, ಏಕೆಂದರೆ ಹಾಕಿದವರು ಯಾರು, ಹಾಕದವರು ಯಾರು ಎಂಬುದು ಕಾಣುವಂತಿದ್ದರೆ ಕೈಯಲ್ಲಿ ಹಣವಿಲ್ಲದವರು ಮುಂದಿನ ವಾರ ಬರುವುದಿಲ್ಲ. ಬಂದ ಹಣ, ಖರ್ಚಾದ ಹಣ ಎರಡನ್ನೂ ತಿಂಗಳ ಕೊನೆಗೆ ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿ, ಬಾಡಿಗೆಗೆ ಕೊರತೆ ಬಿದ್ದ ತಿಂಗಳು ಕೊರತೆಯೆಂದೇ ಬರೆಯಿರಿ.